ಕರಾಟೆಯ ಮಾಸ್ಟ್ರು

ಮಂಗಳೂರಿನಲ್ಲಿ ನಾನು ನೋಡಿದ ಕರಾಟೆ ಪ್ರದರ್ಶನದಲ್ಲಿ ಜೋರು ಚಪ್ಪಾಳೆ ಬಿದ್ದದ್ದು ಹೆಂಚು ಒಡೆದಾಗ. ಆದರೆ ಈ ವಿದ್ಯೆಯನ್ನು ಒಕಿನಾವಾ ದ್ವೀಪದಿಂದ ಟೋಕಿಯೋಗೆ ಒಯ್ದ ಗಿಚಿನ್ ಫುನಾಕೋಶಿ ಒಬ್ಬ ಶಾಲಾ ಮಾಸ್ಟ್ರು, ಗೊತ್ತುಂಟಾ?

ಇವರು 1868ರಲ್ಲಿ ಒಕಿನಾವಾದ ಶೂರಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ತೀರಾ ನರಪೇತಲ. ಆಗ ಕರಾಟೆಯನ್ನು ಗುಟ್ಟಾಗಿ ಕಲಿಸುತ್ತಿದ್ದರು. ಹಾಗಾಗಿ ರಾತ್ರಿ ಹೊತ್ತು ಅಜಾತೋ ಎಂಬ ಗುರುಗಳ ಮನೆಗೆ ಹೋಗಿ ಕಲಿತರು. ಏಟು, ತಡೆ, ಹೆಜ್ಜೆಗಳನ್ನು ಕ್ರಮವಾಗಿ ಜೋಡಿಸಿದ್ದಕ್ಕೆ ಕಟಾ ಅಂತಾರೆ. ಒಂದೇ ಕಟಾವನ್ನು ತಿಂಗಳುಗಟ್ಟಲೆ ಮಾಡಬೇಕಿತ್ತು! ನನಗಾದರೆ ಎರಡೇ ದಿನಕ್ಕೆ ಬೇಜಾರು ಬರುತ್ತಿತ್ತು. ಮುಂದೆ ಮಾಸ್ಟ್ರ ಕೆಲಸಕ್ಕಾಗಿ ಜುಟ್ಟು ಕತ್ತರಿಸಿದಾಗ ಮನೆಯವರಿಗೆ ವಿಪರೀತ ಸಿಟ್ಟು ಬಂತಂತೆ.

1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ಕೊಟ್ಟು ಅಲ್ಲೇ ಉಳಿದರು. ಕೈಯಲ್ಲಿ ಕಾಸಿಲ್ಲ. ವಿದ್ಯಾರ್ಥಿನಿಲಯವೊಂದರಲ್ಲಿ ಕಸ ಗುಡಿಸುತ್ತಾ ಕಲಿಸಿದರು. ಕರಾಟೆ ಎಂಬ ಹೆಸರಿಗೆ ಮೊದಲು ಚೀನಾದ ಕೈ ಎಂಬ ಅರ್ಥವಿತ್ತು. ಇವರು ಅಕ್ಷರ ಬದಲಿಸಿ ಬರಿಗೈ ಎಂದು ಮಾಡಿದರು. ಕೈಯಲ್ಲಿ ಆಯುಧ ಮಾತ್ರವಲ್ಲ, ಮನಸ್ಸಿನಲ್ಲಿ ಕೆಡುಕೂ ಇರಬಾರದು ಎಂಬುದು ಅವರ ಭಾವ. ಕರಾಟೆ ಕಲಿತವನು ಮೊದಲಾಗಿ ಕೈ ಎತ್ತಬಾರದೆಂದೂ ಕಲಿಸಿದರು. ಇವರ ಶೈಲಿಯಲ್ಲಿ ಹೊಸಬರು ಕಲಿಯುವ ಹೆಯಾನ್ ಶೋದಾನ್ ಕಟಾ ಶುರುವಾಗುವುದೇ ತಡೆಯಿಂದ.

ಕವಿತೆಗೆ ಇಟ್ಟುಕೊಂಡಿದ್ದ ಶೋಟೋ ಎಂಬ ಕಾವ್ಯನಾಮದಿಂದಲೇ ಇವರ ಶೈಲಿಗೆ ಶೋಟೋಕಾನ್ ಎಂಬ ಹೆಸರು ಬಂತು. ಮಂಗಳೂರಲ್ಲೂ ಇದನ್ನು ಕಲಿಸುತ್ತಾರೆ. 1945ರಲ್ಲಿ ಬಾಂಬಿಗೆ ಇವರ ಕರಾಟೆ ಶಾಲೆ ನಾಶವಾಯಿತು. ಅದೇ ವರ್ಷ ಮಗ ಯೋಶಿತಾಕಾ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಮುದಿ ಮಾಸ್ಟ್ರು ಪುನಃ ಕಲಿಸಲು ನಿಂತರು. 1957ರಲ್ಲಿ ನಿಧನರಾದರು.