ಪ್ರಶ್ನೆ ಕೇಳುವುದನ್ನು ಕಲಿಸಿದ ಗೋಖಲೆ

ನಿಮ್ಮೂರ ಕೆರೆಯ ತೂಬು ಕಿತ್ತುಹೋಗಿದೆ ಎಂದಿಟ್ಟುಕೊಳ್ಳಿ. ಊರಿನವರೆಲ್ಲ ಸೇರಿ ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಕೊಟ್ಟಿರಿ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಹೋದಿರಿ. ಅದೇ ಉತ್ತರ. ಈಗ ಅದೇ ವಿಷಯವನ್ನು ನಿಮ್ಮ ಶಾಸಕರು ನಾಲ್ಕು ಸಾಲಿನ ಪ್ರಶ್ನೆಯಾಗಿ ಬರೆದು ವಿಧಾನಸಭೆಯ ಕಾರ್ಯದರ್ಶಿಗೆ ಕೊಟ್ಟರೆನ್ನಿ. ಪ್ರಶ್ನೆ ಅಂಗೀಕಾರವಾದರೆ ಅದು ಇಲಾಖೆಗೆ ಹೋಗುತ್ತದೆ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ನಿಮ್ಮ ತಾಲ್ಲೂಕಿಗೆ ಇಳಿಯುತ್ತದೆ. ಯಾವ ಕಡತ ಎಲ್ಲಿ ಕೂತಿದೆ ಎಂದು ಹುಡುಕಲೇಬೇಕು. ಏಕೆಂದರೆ ಉತ್ತರವನ್ನು ಕೊಡುವವರು ಗುಮಾಸ್ತರಲ್ಲ, ಮಂತ್ರಿಗಳು. ಮತ್ತು ಆ ಉತ್ತರ ಅಚ್ಚಾಗಿ ಸಭೆಯ ದಾಖಲೆಯಲ್ಲಿ ಉಳಿಯುತ್ತದೆ.

ಈ ಹಕ್ಕು ನಮ್ಮ ದೇಶದಲ್ಲಿ ಮೊದಲಿನಿಂದ ಇದ್ದದ್ದಲ್ಲ. 1861ರ ಕಾಯಿದೆಯ ಪ್ರಕಾರ ಬ್ರಿಟಿಷರು ರಚಿಸಿದ ಶಾಸನಸಭೆಗಳಲ್ಲಿ ಸದಸ್ಯರು ಸರ್ಕಾರ ತಂದ ಮಸೂದೆಯನ್ನು ಬಿಟ್ಟು ಬೇರೆ ಮಾತು ಎತ್ತುವಂತಿರಲಿಲ್ಲ. 1892ರ ಕಾಯಿದೆ ಬಂದಮೇಲೆ ಪ್ರಶ್ನೆ ಕೇಳಲು ಅವಕಾಶವಾಯಿತು. ಅದಕ್ಕೂ ಎಷ್ಟು ಕಟ್ಟುಪಾಡು! ಆರು ದಿನ ಮುಂಚೆ ಬರೆದು ಕೊಡಬೇಕು. ಬರೀ ಮಾಹಿತಿ ಕೇಳಬೇಕು, ವಾದ ಹೂಡಬಾರದು. ಬಂದ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಹಾಕುವಂತಿಲ್ಲ, ಚರ್ಚೆಯೂ ಇಲ್ಲ. ಅಧ್ಯಕ್ಷರಿಗೆ ಬೇಡವೆನಿಸಿದರೆ ಕಾರಣ ಹೇಳದೆ ತಳ್ಳಿಹಾಕಬಹುದು. ಈ ಹಕ್ಕಿನಡಿ ವೈಸರಾಯರ ಸಭೆಯಲ್ಲಿ ಮೊದಲ ಪ್ರಶ್ನೆ ಬಂದದ್ದು 1893ರ ಫೆಬ್ರವರಿ 16ರಂದು. ಕೇಳಿದವರು ಭಿಂಗಾದ ರಾಜರು. ಸರ್ಕಾರಿ ಅಧಿಕಾರಿಗಳು ಹಳ್ಳಿಗಳ ಮೇಲೆ ಸರ್ಕೀಟು ಬಂದಾಗ ಅವರ ಪರಿವಾರಕ್ಕೆ ದಿನಸಿ ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಯವರು ಪಡುತ್ತಿದ್ದ ತೊಂದರೆ ಅದರ ವಿಷಯ. ದೇಶದ ಮೊದಲ ಪ್ರಶ್ನೆ ಹಳ್ಳಿಯ ಅಂಗಡಿಯಿಂದಲೇ ಹುಟ್ಟಿತೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿಯೇ ಸರಿ.

ಆ ಸಣ್ಣ ಕಿಂಡಿಯಲ್ಲಿ ಕೈ ತೂರಿಸಿ ಅದನ್ನು ಬಾಗಿಲಷ್ಟು ಅಗಲ ಮಾಡಲು ದುಡಿದವರಲ್ಲಿ ಗೋಪಾಲ ಕೃಷ್ಣ ಗೋಖಲೆಯವರ ಹೆಸರು ದೊಡ್ಡದು. ಗಾಂಧೀಜಿ ತಮ್ಮ ರಾಜಕೀಯ ಗುರು ಎಂದು ಕರೆದದ್ದು ಇವರನ್ನೇ ಎಂದು ನೀವು ಶಾಲೆಯಲ್ಲಿ ಓದಿರುತ್ತೀರಿ. ಇಲ್ಲಿ ಹೇಳಹೊರಟಿರುವುದು ಅವರ ಇನ್ನೊಂದು ಮುಖ.

ಗೋಖಲೆಯವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕೊಲ್ಲಾಪುರದ ಹತ್ತಿರದ ಕಾಗಲ ಸಂಸ್ಥಾನದಲ್ಲಿ ಸಣ್ಣ ನೌಕರಿಯಲ್ಲಿದ್ದರು. ನಿಪ್ಪಾಣಿಯ ಕಡೆಯ ಓದುಗರಿಗೆ ಕಾಗಲ ದೂರದ ಊರಲ್ಲ. ಹುಡುಗನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯ ಓದು ಬಿಟ್ಟು ತಿಂಗಳಿಗೆ ಹದಿನೈದು ರೂಪಾಯಿಯ ಕೆಲಸಕ್ಕೆ ಸೇರಿ, ಅದರಲ್ಲಿ ಎಂಟು ರೂಪಾಯಿ ತಮ್ಮನ ಓದಿಗೆ ಕಳಿಸಿದ. ಏಳು ರೂಪಾಯಿಯಲ್ಲಿ ಮನೆ ನಡೆಯಿತು. ಗೋಖಲೆಯವರು ಜೀವಮಾನವಿಡೀ ಒಂದೊಂದು ಕಾಸಿನ ಲೆಕ್ಕ ಹಿಡಿದದ್ದಕ್ಕೆ ಈ ಎಂಟು ರೂಪಾಯಿಯೇ ಮೂಲವೆಂದು ನನಗನ್ನಿಸುತ್ತದೆ.

1884ರಲ್ಲಿ ಮುಂಬಯಿಯಲ್ಲಿ ಬಿ.ಎ. ಮುಗಿಸಿ ಪುಣೆಯಲ್ಲಿ ಉಪಾಧ್ಯಾಯರಾದರು. ಡೆಕ್ಕನ್ ಎಜುಕೇಷನ್ ಸೊಸೈಟಿಗೆ ಸೇರಿ ತಿಂಗಳಿಗೆ 75 ರೂಪಾಯಿ ಸಂಬಳದ ಮೇಲೆ ಇಪ್ಪತ್ತು ವರ್ಷ ದುಡಿಯುವ ವ್ರತ ತೊಟ್ಟರು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ ಯಾವುದನ್ನು ಒಪ್ಪಿಸಿದರೂ ಪಾಠ ಹೇಳಿದರು. ಅಂಕಗಣಿತದ ಪಠ್ಯಪುಸ್ತಕವನ್ನೂ ಬರೆದರು.

ಪುಣೆಯಲ್ಲಿ ಅವರಿಗೆ ಸಿಕ್ಕ ಗುರು ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆ. ರಾನಡೆಯವರ ಶಿಕ್ಷಣ ಕಠಿಣ. ಸರ್ಕಾರದ ವರದಿಗಳನ್ನು, ಆಯವ್ಯಯದ ಪುಸ್ತಕಗಳನ್ನು ಮುಂದಿಟ್ಟು ಓದಿಸುವರು, ಟಿಪ್ಪಣಿ ಬರೆಸುವರು, ತಪ್ಪಿದ್ದರೆ ಮತ್ತೆ ಬರೆಸುವರು. ಸಾರ್ವಜನಿಕ ಸಭೆಯ ಪರವಾಗಿ ಸರ್ಕಾರಕ್ಕೆ ಕಳಿಸುವ ಮನವಿಗಳನ್ನು ಶಿಷ್ಯ ಕಷ್ಟಪಟ್ಟು ಬರೆಯುತ್ತಿದ್ದ. ಸರ್ಕಾರ ಅವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಇದೇಕೆ ಈ ವ್ಯರ್ಥ ದುಡಿಮೆ ಎಂದು ಗೋಖಲೆ ಬೇಸರಪಟ್ಟಾಗ, ಮನವಿ ಬರೆಯುವುದು ಹೆಸರಿಗೆ ಸರ್ಕಾರಕ್ಕಾದರೂ ನಿಜವಾಗಿ ಜನರಿಗೆ. ಇಂಥ ವಿಷಯಗಳನ್ನು ಯೋಚಿಸುವುದನ್ನು ಜನ ಕಲಿಯಲೆಂದು ಎಂಬ ಅರ್ಥದ ಸಮಾಧಾನವನ್ನು ರಾನಡೆ ಹೇಳಿದರಂತೆ.

ಆದರೆ ಗೋಖಲೆಯವರು ನಿಜವಾದ ಪಾಠ ಕಲಿತದ್ದು ಒಂದು ಅವಮಾನದಿಂದ. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1897ರಲ್ಲಿ ಭಾರತದ ಖರ್ಚುವೆಚ್ಚದ ವಿಚಾರಣೆಗೆಂದು ಇಂಗ್ಲೆಂಡಿನಲ್ಲಿ ನೇಮಿಸಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಅವರು ಲಂಡನ್ನಿಗೆ ಹೋದರು. ಆಗ ಮೂವತ್ತೊಂದರ ಹರೆಯ. ಅಂಕಿಅಂಶಗಳಲ್ಲಿ ಅವರನ್ನು ಕದಲಿಸಲು ಯಾರಿಂದಲೂ ಆಗಲಿಲ್ಲ. ಅದೇ ಸಮಯದಲ್ಲಿ ಪುಣೆಯಲ್ಲಿ ಪ್ಲೇಗು. ರೋಗಿಗಳನ್ನು ಹುಡುಕಲು ಗೋರಾ ಸಿಪಾಯಿಗಳು ಮನೆಮನೆ ಹೊಕ್ಕರು. ಹೆಂಗಸರ ಮೇಲೆ ಅತ್ಯಾಚಾರ ನಡೆದಿದೆಯೆಂದು ಪುಣೆಯ ಸ್ನೇಹಿತರಿಂದ ಪತ್ರಗಳು ಬಂದವು. ಗೋಖಲೆಯವರು ಅದನ್ನು ನಂಬಿ ಅಲ್ಲಿನ ಪತ್ರಿಕೆಗೆ ಹೇಳಿಬಿಟ್ಟರು. ವಿಷಯ ಪಾರ್ಲಿಮೆಂಟಿನಲ್ಲಿ ಪ್ರಸ್ತಾಪಕ್ಕೆ ಬಂತು. ಮುಂಬಯಿ ಸರ್ಕಾರ ಸಾರಾಸಗಟಾಗಿ ಅಲ್ಲಗಳೆದು, ಪುರಾವೆ ತೋರಿಸಿ ಎಂದು ಸವಾಲು ಹಾಕಿತು. ಗೋಖಲೆಯವರು ತಾಯ್ನಾಡಿಗೆ ಮರಳಿ ನೋಡಿದರೆ ಪತ್ರ ಬರೆದವರಲ್ಲಿ ಒಬ್ಬರೂ ಮುಂದೆ ಬಂದು ಸಾಕ್ಷಿ ಹೇಳಲು ಸಿದ್ಧರಿಲ್ಲ. ಅಷ್ಟರಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯಾಗಿತ್ತು, ಊರೆಲ್ಲ ಭಯದಲ್ಲಿತ್ತು. ಗೋಖಲೆಯವರು ಆ ಸ್ನೇಹಿತರ ಹೆಸರನ್ನು ಹೊರಗೆಡಹಲಿಲ್ಲ. ಬಹಿರಂಗವಾಗಿ, ಯಾವ ಷರತ್ತೂ ಇಲ್ಲದೆ ಕ್ಷಮೆ ಕೇಳಿದರು. ಸ್ವಂತ ಜನರೇ ಹೇಡಿಯೆಂದು ಹಳಿದರು.

ಸಿಪಾಯಿಗಳು ಏನೂ ತಪ್ಪು ಮಾಡಿರಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕೈಯಲ್ಲಿ ಪುರಾವೆ ಇರಲಿಲ್ಲ, ಅಷ್ಟೆ. ಅಂದಿನಿಂದ ಅವರು ಸರ್ಕಾರದ್ದೇ ಕಾಗದದಲ್ಲಿ ಅಚ್ಚಾದ ಅಂಕಿಯನ್ನು ಬಿಟ್ಟು ಬೇರೆ ಆಯುಧ ಹಿಡಿದದ್ದು ಕಡಮೆ. ಅಂಕಿಗಳನ್ನು ಹೆಕ್ಕಿಕೊಡಲು ಅವರಿಗೊಬ್ಬ ಸಹಾಯಕರಿದ್ದರು. ಗಣೇಶ ವ್ಯಂಕಟೇಶ ಜೋಶಿ ಎಂಬ ಸರ್ಕಾರಿ ಶಾಲೆಯ ಉಪಾಧ್ಯಾಯರು. ಸರ್ಕಾರದ ವರದಿಗಳ ಮೂಲೆಮೂಲೆಯನ್ನು ಬಲ್ಲವರು. ದೊಡ್ಡ ಭಾಷಣಗಳ ಹಿಂದೆ ಇಂಥ ಒಬ್ಬ ಮೇಷ್ಟರ ದುಡಿಮೆ ಇರುತ್ತದೆಂಬುದನ್ನು ಇತಿಹಾಸದ ಪುಸ್ತಕಗಳು ಮರೆತುಬಿಡುತ್ತವೆ.

1899ರ ಕೊನೆಯಲ್ಲಿ ಗೋಖಲೆಯವರು ಮುಂಬಯಿ ಶಾಸನಸಭೆಗೆ ಆಯ್ಕೆಯಾದರು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಇದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅದು ಘೋರ ಬರದ ಕಾಲ. ಪರಿಹಾರ ಕಾಮಗಾರಿಗಳಲ್ಲಿ ಅಳತೆಯ ಪ್ರಕಾರ ಮಣ್ಣು ಹೊರದವರ ಕೂಲಿ ಮುರಿಯುತ್ತಿದ್ದರು. ಹಸಿದವನ ಕೈಯಲ್ಲಿ ಅಳತೆಯ ಕೆಲಸ ಆಗುವುದಾದರೂ ಹೇಗೆ? ಬರಪರಿಹಾರದ ಈ ಕ್ರಮಗಳನ್ನು ಗೋಖಲೆಯವರು ಸಭೆಯಲ್ಲಿ ಎತ್ತಿ ಆಡಿದರು.

1901ರಲ್ಲಿ ಭೂಕಂದಾಯ ತಿದ್ದುಪಡಿ ಮಸೂದೆ ಬಂತು. ಕಂದಾಯ ಬಾಕಿಗಾಗಿ ಮುಟ್ಟುಗೋಲಾದ ಜಮೀನನ್ನು ರೈತನಿಗೆ ಮತ್ತೆ ಕೊಡುವಾಗ ಮಾರುವ, ಅಡವಿಡುವ ಹಕ್ಕಿಲ್ಲದೆ ಕೊಡಬಹುದೆಂಬುದು ಅದರ ಸಾರ. ಸಾಹುಕಾರರಿಂದ ರೈತನನ್ನು ಉಳಿಸಲು ಎಂದು ಸರ್ಕಾರ ಹೇಳಿತು. ಯಾರಿಗಾಗಿ ಕಾಯಿದೆಯೋ ಅವರನ್ನೇ ಕೇಳಿಲ್ಲ, ಸಾಲ ಹುಟ್ಟುವ ಬೇರೆ ದಾರಿ ತೋರಿಸಿಲ್ಲ ಎಂಬುದು ಗೋಖಲೆಯವರ ತಕರಾರು. ಸರ್ಕಾರಿ ಸದಸ್ಯರ ಬಹುಮತದ ಮುಂದೆ ವಾದ ನಡೆಯಲಿಲ್ಲ. ಫಿರೋಜ್‌ಷಾ ಮೆಹ್ತಾ, ಗೋಖಲೆ ಮೊದಲಾದವರು ಸಭೆಯಿಂದ ಎದ್ದು ಹೊರನಡೆದರು. ಮಸೂದೆ ಪಾಸಾಯಿತು. ಈ ವಿಷಯದಲ್ಲಿ ಸರ್ಕಾರದ ಮಾತೆಲ್ಲ ಸುಳ್ಳೆಂದು ನಾನು ಹೇಳಲಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯಲು ನಮ್ಮ ರಾಜ್ಯವೇ 1978ರಲ್ಲಿ ಕಾಯಿದೆ ಮಾಡಿತಲ್ಲವೇ? ಆದರೆ ರೈತನನ್ನು ಕೇಳದೆ ರೈತನ ಹಿತ ಮಾಡುವ ಅಭ್ಯಾಸವನ್ನು ಅವರು ಎತ್ತಿ ತೋರಿಸಿದ್ದು ಸರಿಯಾಗಿತ್ತು.

ಅದೇ ವರ್ಷ ವೈಸರಾಯರ ಸಭೆಗೆ ಆಯ್ಕೆಯಾಗಿ ಕಲ್ಕತ್ತೆಗೆ ಹೋದರು. ಅಲ್ಲಿ ಬಜೆಟ್ಟಿನ ಮೇಲೆ ಮಾತಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. 1902ರ ಮಾರ್ಚ್ 26ರಂದು ಗೋಖಲೆಯವರು ಎದ್ದು ನಿಂತರು. ಖಜಾನೆಯಲ್ಲಿ ಹಣ ಮಿಗುತ್ತಿದೆಯೆಂದು ಸರ್ಕಾರ ಬೀಗುತ್ತಿತ್ತು. ಬರ, ಪ್ಲೇಗುಗಳಲ್ಲಿ ಜನ ಸಾಯುತ್ತಿರುವಾಗ ಹಣ ಮಿಗುವುದು ಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಕಿತ್ತ ಗುರುತು ಎಂದು ಅವರು ಸರ್ಕಾರದ ಲೆಕ್ಕದಿಂದಲೇ ತೋರಿಸಿಕೊಟ್ಟರು.

ಉಪ್ಪಿನ ಮಾತು ನೋಡಿ. ಮಣಕ್ಕೆ ಎರಡೂವರೆ ರೂಪಾಯಿ ತೆರಿಗೆ. ಇದು ನಮ್ಮ ಹಳ್ಳಿಯ ಮಣವಲ್ಲ, ಸುಮಾರು 37 ಕಿಲೋ ತೂಗುವ ಸರ್ಕಾರಿ ಮಣ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಇಪ್ಪತ್ತು ಪೌಂಡು ಉಪ್ಪು ಬೇಕೆಂದು ಆಗಿನ ವೈದ್ಯರ ಅಭಿಪ್ರಾಯ. ದೇಶದಲ್ಲಿ ತಲೆಗೆ ಹತ್ತು ಪೌಂಡೂ ಬೀಳುತ್ತಿರಲಿಲ್ಲ. ಇಂದಿನ ವೈದ್ಯರು ಅಷ್ಟೊಂದು ಉಪ್ಪು ಬೇಡವೆನ್ನುತ್ತಾರೆ, ಆ ಮಾತು ಬೇರೆ. ಗಂಜಿಗೆ ಉಪ್ಪೊಂದೇ ವ್ಯಂಜನವಾಗಿದ್ದ ಬಡವನ ಕಥೆ ಇದು. ತೆರಿಗೆ ಇಳಿಸಿದರೆ ಬಳಕೆ ಏರುತ್ತದೆ, ಖಜಾನೆಗೂ ಅಷ್ಟೇನು ನಷ್ಟವಿಲ್ಲ ಎಂದು ಅವರು ವರ್ಷ ವರ್ಷವೂ ಬಿಡದೆ ಹೇಳಿದರು. 1903ರಲ್ಲಿ ತೆರಿಗೆ ಎರಡು ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ. ಮತದ ಬಲವಿಲ್ಲದ ಸಭೆಯಲ್ಲಿ ಇಷ್ಟಾದದ್ದು ಸಣ್ಣದಲ್ಲ.

1909ರ ಸುಧಾರಣೆಯಿಂದ ಎರಡು ಹೊಸ ಹಕ್ಕು ಬಂದವು. ಪ್ರಶ್ನೆ ಕೇಳಿದ ಸದಸ್ಯ ಉತ್ತರದ ಮೇಲೆ ಉಪಪ್ರಶ್ನೆ ಕೇಳಬಹುದು. ಸದಸ್ಯರು ಠರಾವು ಮಂಡಿಸಬಹುದು. ಕೂಡಲೇ 1910ರ ಫೆಬ್ರವರಿಯಲ್ಲಿ, ದಕ್ಷಿಣ ಆಫ್ರಿಕದ ನಟಾಲಿಗೆ ಕರಾರು ಕೂಲಿಗಳನ್ನು ಸಾಗಿಸುವುದನ್ನು ನಿಲ್ಲಿಸಬೇಕೆಂದು ಗೋಖಲೆಯವರು ಠರಾವು ತಂದರು. ಸರ್ಕಾರ ಒಪ್ಪಿತು, 1911ರ ಜುಲೈಯಿಂದ ಅದು ನಿಂತಿತು.

ಇನ್ನು ನಮ್ಮ ಇಂದಿನ ಸಂಗತಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳ ಪಟ್ಟಿ ಬರುತ್ತದೆ. ನಮ್ಮ ವಿಧಾನಮಂಡಲದಲ್ಲೂ ಈ ಎರಡು ಬಗೆ ಉಂಟು. ಚುಕ್ಕೆ ಗುರುತಿನದಕ್ಕೆ ಮಂತ್ರಿಗಳು ಸಭೆಯಲ್ಲೇ ಉತ್ತರಿಸಬೇಕು, ಉಪಪ್ರಶ್ನೆಗಳನ್ನು ಎದುರಿಸಬೇಕು. ಇನ್ನೊಂದಕ್ಕೆ ಬರಹದ ಉತ್ತರ. ಗದ್ದಲದಲ್ಲಿ ಪ್ರಶ್ನೋತ್ತರ ವೇಳೆ ಮುಳುಗಿಹೋದರೂ ಬರಹದ ಉತ್ತರ ಬಂದೇ ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತು ಪ್ರಶ್ನೋತ್ತರ ವೇಳೆಯನ್ನು ಕೈಬಿಟ್ಟಾಗಲೂ ಬರಹದ ಉತ್ತರ ಉಳಿದುಕೊಂಡಿತು. ಮಂತ್ರಿಗಳು ಮಾಡಿಸುತ್ತೇವೆ, ನೋಡುತ್ತೇವೆ ಎಂದು ಕೊಟ್ಟ ಮಾತನ್ನು ಗುರುತು ಹಾಕಿಕೊಂಡು ಬೆನ್ನು ಹತ್ತಲು ಲೋಕಸಭೆಯಲ್ಲಿ 1953ರಿಂದ ಭರವಸೆಗಳ ಸಮಿತಿಯೇ ಇದೆ. ಮೂರು ತಿಂಗಳೊಳಗೆ ಭರವಸೆ ಈಡೇರಬೇಕೆಂಬುದು ಅಲ್ಲಿನ ಕಟ್ಟಳೆ.

ಆದ್ದರಿಂದ ನಿಮ್ಮ ಶಾಸಕರ ಬಳಿ ಹೋಗುವಾಗ ತೂಬು ಹಾಳಾಗಿದೆ, ಅಧಿಕಾರಿಗಳು ಸರಿಯಿಲ್ಲ ಎಂದು ಬರೆದುಕೊಂಡು ಹೋಗಬೇಡಿ. ಕೆರೆಯ ಹೆಸರು, ಸರ್ವೆ ನಂಬರು, ಅಚ್ಚುಕಟ್ಟು ಎಷ್ಟು ಎಕರೆ, ಅರ್ಜಿ ಕೊಟ್ಟ ತಾರೀಖು, ಸ್ವೀಕೃತಿಯ ನಕಲು, ಇವಿಷ್ಟನ್ನು ಒಂದು ಹಾಳೆಯಲ್ಲಿ ಕೊಡಿ. ದುರಸ್ತಿಗೆ ಹಣ ಮಂಜೂರಾಗಿದೆಯೇ, ಯಾವಾಗ, ಎಷ್ಟು, ಖರ್ಚಾದದ್ದೆಷ್ಟು, ಕೆಲಸ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಕೇಳಿಸಿ. ಏಕೆ ಎಂದು ಕೇಳಿದರೆ ಇಲಾಖೆ ಪುರಾಣ ಹೇಳುತ್ತದೆ; ಎಷ್ಟು, ಯಾವಾಗ ಎಂದರೆ ಅಂಕಿ ಕೊಡಲೇಬೇಕಾಗುತ್ತದೆ. ಉತ್ತರದ ನಕಲನ್ನು ಶಾಸಕರಿಂದ ತಪ್ಪದೆ ಕೇಳಿ ಪಡೆಯಿರಿ. ಮುಂದಿನ ಅಧಿವೇಶನದ ಪ್ರಶ್ನೆ ಅದರಲ್ಲೇ ಇರುತ್ತದೆ.

ಗೋಖಲೆಯವರು ಸೋತದ್ದೂ ಉಂಟು. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಕಡ್ಡಾಯ ಶಿಕ್ಷಣ ತರಲು 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದಿತು. ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದದ್ದು 2010ರಲ್ಲಿ. ಕರಾರು ಕೂಲಿಯ ಪದ್ಧತಿಯನ್ನೇ ಪೂರ್ತಿ ರದ್ದುಮಾಡಬೇಕೆಂದು 1912ರಲ್ಲಿ ತಂದ ಇನ್ನೊಂದು ಠರಾವೂ ಬಿದ್ದಿತು.

ದೇಹ ಅಷ್ಟರಲ್ಲಿ ಸೋತಿತ್ತು. ಸಕ್ಕರೆ ಕಾಯಿಲೆ, ಎದೆನೋವು. ಸರ್ಕಾರ ಕೊಡಮಾಡಿದ ಸರ್ ಪದವಿಯನ್ನು ಬೇಡವೆಂದರು. 1915ರ ಫೆಬ್ರವರಿ 19ರಂದು ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ನಮ್ಮ ಡಿ.ವಿ. ಗುಂಡಪ್ಪನವರು ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ ಕಟ್ಟಿದರು. 1912ರಲ್ಲಿ ಬಿದ್ದುಹೋದ ಆ ಠರಾವಿನ ಬೇಡಿಕೆಯನ್ನು ಸರ್ಕಾರ ಒಪ್ಪಿಕೊಂಡದ್ದು ಅವರು ತೀರಿಕೊಂಡ ಮರುವರ್ಷ. 1917ರಲ್ಲಿ ಕರಾರು ಕೂಲಿಗಳ ಹಡಗುಗಳು ನಿಂತವು.