ನಿತ್ಯ ಸಾಧನೆಯ ಗಾಯಕ ಸವಾಯಿ ಗಂಧರ್ವರು

ಕಲೆ ದೇವರು ಕೊಟ್ಟ ವರವೆಂದು ಹಿರಿಯರು ಹೇಳುವುದುಂಟು. ಆದರೆ ಆ ವರವನ್ನು ಉಳಿಸಿ ಬೆಳೆಸುವುದು ಮನುಷ್ಯನ ದಿನನಿತ್ಯದ ಅಭ್ಯಾಸ. ಈ ಮಾತಿಗೆ ಸವಾಯಿ ಗಂಧರ್ವರ ಜೀವನವೇ ಸಾಕ್ಷಿ.

ಅವರ ಹೆಸರು ರಾಮಚಂದ್ರ. ತಂದೆ ಗಣೇಶರಾಯರು. ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ 1886ರ ಜನವರಿ 19ರಂದು ಜನಿಸಿದರು. ಆಗ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಊರಿನ ನಾಡಗೀರ ಮನೆತನದವರು ಸಂಗೀತಪ್ರೇಮಿಗಳು. ಅವರ ವಾಡೆಗೆ ದೊಡ್ಡ ದೊಡ್ಡ ಗಾಯಕರು ಬರುತ್ತಿದ್ದರು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮ್ ಖಾನರು ಅವರಲ್ಲಿ ಒಬ್ಬರು. ಬಾಲಕ ರಾಮಚಂದ್ರನಿಗೆ ಅವರ ಗಾಯನದ ಹುಚ್ಚು ಹಿಡಿಯಿತು. ಅವರನ್ನೇ ಗುರುವಾಗಿ ಪಡೆದನು.

ಖಾನಸಾಹೇಬರು ನೆಲೆಸಿದ್ದು ನಮ್ಮ ಸಾಂಗಲಿ ಜಿಲ್ಲೆಯ ಮಿರಜದಲ್ಲಿ. ತಂಬೂರಿ ಮಾಡುವ ಕುಶಲ ಕೆಲಸಗಾರರಿಂದ ಆ ಊರು ಇಂದಿಗೂ ಪ್ರಸಿದ್ಧವಾಗಿದೆ. ಅಲ್ಲಿಯ ಮೀರಾಸಾಹೇಬ ದರ್ಗಾದಲ್ಲಿ ಖಾನಸಾಹೇಬರ ಸ್ಮರಣೆಗಾಗಿ ವರ್ಷವರ್ಷವೂ ಸಂಗೀತ ಸೇವೆ ನಡೆಯುತ್ತದೆ.

ಗುರು ಸಿಕ್ಕರೂ ರಾಮಚಂದ್ರರ ದಾರಿ ಸುಲಭವಾಗಿರಲಿಲ್ಲ. ಪ್ರಾಯ ಬಂದಾಗ ಅವರ ಕಂಠ ಒಡೆದು ಒರಟಾಯಿತು. ಹಾಡುವವನಿಗೆ ಇದಕ್ಕಿಂತ ದೊಡ್ಡ ಆಪತ್ತು ಯಾವುದು? ಬೇರೊಬ್ಬರಾಗಿದ್ದರೆ ಸಂಗೀತವನ್ನೇ ಬಿಡುತ್ತಿದ್ದರೇನೋ. ಅವರು ಬಿಡಲಿಲ್ಲ. ದಿನವೂ ತಂಬೂರಿಯ ಶ್ರುತಿ ಹಿಡಿದು, ಒಂದೊಂದು ಸ್ವರದ ಮೇಲೂ ನಿಂತು, ದನಿಯನ್ನು ತಿದ್ದಿಕೊಂಡರು. ಕಿರಾಣಾ ಪದ್ಧತಿಯಲ್ಲಿ ರಾಗಗಳ ಸಂಖ್ಯೆಗಿಂತ ಸ್ವರದ ಶುದ್ಧಿಗೆ ಹೆಚ್ಚಿನ ಬೆಲೆ. ಇಂಥ ಶ್ರಮದಿಂದ ಅದೇ ಒರಟು ಕಂಠ ಸಾವಿರಾರು ಜನರನ್ನು ಮರುಳುಗೊಳಿಸಿತು.

ಮುಂದೆ ಅವರು ಮರಾಠಿ ಸಂಗೀತ ನಾಟಕಗಳಲ್ಲಿ ಪಾತ್ರ ವಹಿಸಿದರು. ಸ್ತ್ರೀ ಪಾತ್ರಗಳಲ್ಲಿ ಹೆಸರು ಗಳಿಸಿದರು. ಬಾಲಗಂಧರ್ವರ ಕೀರ್ತಿ ಎಲ್ಲೆಡೆ ಹಬ್ಬಿದ್ದ ಕಾಲವದು. ಆಗ ಅಭಿಮಾನಿಗಳು ಇವರನ್ನು ಸವಾಯಿ ಗಂಧರ್ವರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು ಪಟ್ಟು.

ನಾಟಕದ ಬದುಕು ಮುಗಿಸಿ ಊರಿಗೆ ಮರಳಿದ ಮೇಲೆ ಅವರು ಶಿಷ್ಯರಿಗೆ ಪಾಠ ಹೇಳಿದರು. ತಾವು ನಡೆದ ದಾರಿಯಲ್ಲೇ ಶಿಷ್ಯರನ್ನೂ ನಡೆಸಿದರು. ಗದಗಿನಿಂದ ಬಂದ ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿ ನೀರು ಹೊತ್ತು, ಸೇವೆ ಮಾಡುತ್ತ ಕಲಿತರು. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಈ ಮೂರು ರಾಗಗಳನ್ನೇ ಬಹುಕಾಲ ತಿದ್ದಿ ತೀಡಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮನೆಗೆ ಮರಳುತ್ತಿದ್ದರು. ಒಂದು ಚಿಕ್ಕ ಸ್ವರಗುಚ್ಛ ಸರಿಯಾಗಿ ಬರುವವರೆಗೆ ಗುರುಗಳು ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಸವಾಯಿ ಗಂಧರ್ವರನ್ನು ಪಾರ್ಶ್ವವಾಯು ಕಾಡಿತು. ಕಷ್ಟಪಟ್ಟು ಗಳಿಸಿದ ಕಂಠವನ್ನು ದೇಹವೇ ಕಟ್ಟಿಹಾಕಿತು. 1952ರ ಸೆಪ್ಟೆಂಬರ 12ರಂದು ಅವರು ಪುಣೆಯಲ್ಲಿ ನಿಧನರಾದರು. ಆದರೆ ಅವರ ಗಾಯನ ಶಿಷ್ಯರ ಕಂಠದಲ್ಲಿ ಉಳಿಯಿತು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಅದನ್ನು ಭೀಮಸೇನ ಜೋಶಿಯವರು ದೀರ್ಘಕಾಲ ನಡೆಸಿಕೊಂಡು ಬಂದರು. ಗಂಗೂಬಾಯಿಯವರು 2002ರಲ್ಲಿ ಪದ್ಮವಿಭೂಷಣ ಪಡೆದರು. ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಕೆಲವರು ಚಿತ್ರ ಬರೆಯುತ್ತೇವೆ, ಕೆಲವರು ಭಜನೆಯಲ್ಲಿ ಹಾಡುತ್ತೇವೆ, ಕೆಲವರು ಕವಿತೆ ಕಟ್ಟುತ್ತೇವೆ. ಉತ್ಸಾಹ ಬಂದ ದಿನ ನಾಲ್ಕು ತಾಸು ಕುಳಿತು, ಆಮೇಲೆ ತಿಂಗಳುಗಟ್ಟಲೆ ಮರೆತರೆ ಕಲೆ ಕೈಹಿಡಿಯದು. ದಿನಕ್ಕೆ ಅರ್ಧ ತಾಸಾದರೂ ಸರಿ, ತಪ್ಪದೆ ಕೂಡಬೇಕು. ಪಾಲಕರೂ ಮಕ್ಕಳಿಗೆ ಆ ಅರ್ಧ ತಾಸನ್ನು ಬಿಟ್ಟುಕೊಡಬೇಕು. ಒಡೆದ ಕಂಠದ ಹುಡುಗನೊಬ್ಬ ಮಹಾಗಾಯಕನಾದದ್ದು ಇಂಥ ದಿನಗಳನ್ನು ಒಂದಕ್ಕೊಂದು ಕೂಡಿಸಿಯೇ.