ಶಿವಶರಣೆ ಆಯ್ದಕ್ಕಿ ಲಕ್ಕಮ್ಮ

ದಾಸೋಹವೆಂದೊಡನೆ ಜನರ ಕಣ್ಮುಂದೆ ನಿಲ್ಲುವುದು ಮಠಗಳ ದೊಡ್ಡ ಕೊಪ್ಪರಿಗೆಗಳು, ಸಾಲುಸಾಲಾದ ಪಂಕ್ತಿಗಳು, ಜಾತ್ರೆಯ ದಿನದ ಅನ್ನದ ರಾಶಿಗಳು. ಆದರೆ ಶರಣಧರ್ಮದಲ್ಲಿ ದಾಸೋಹದ ಬೇರು ಇಳಿದಿರುವುದು ದುಡಿದು ಉಣ್ಣುವ ಗೃಹಸ್ಥನ ಮನೆಯ ಒಲೆಯಲ್ಲಿ. ಆ ಒಲೆಯನ್ನು ಹೊತ್ತಿಸುವವಳು ಗೃಹಿಣಿ. ಇಂದಿನ ಅಡಿಗೆಗೆ ಎಷ್ಟು, ಬಂದವರಿಗೆ ಎಷ್ಟು, ಮನೆಗೆ ತರಬೇಕಾದುದು ಯಾವುದು, ಬೇಡವೆನ್ನಬೇಕಾದುದು ಯಾವುದು ಎಂಬ ಲೆಕ್ಕವೆಲ್ಲ ಅವಳ ಕೈಯಲ್ಲಿರುತ್ತದೆ. ಈ ಲೆಕ್ಕವನ್ನೇ ಶಿವಯೋಗವನ್ನಾಗಿ ಮಾಡಿಕೊಂಡು, ಕಲ್ಯಾಣದ ಮಹಾಶರಣರೆಲ್ಲರೂ ತಲೆದೂಗುವಂತೆ ಬಾಳಿದವಳು ಆಯ್ದಕ್ಕಿ ಲಕ್ಕಮ್ಮ.

ಈ ಮಹಾಶರಣೆಯು 12ನೆಯ ಶತಮಾನದವಳು. ಈಗಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲೂಕಿಗೆ ಸೇರಿದ ಅಮರೇಶ್ವರ ಕ್ಷೇತ್ರವು ಈ ದಂಪತಿಗಳ ಮೂಲಸ್ಥಾನ. ಪತಿಯಾದ ಮಾರಯ್ಯನ ವಚನಗಳಿಗೆ ಅಮರೇಶ್ವರಲಿಂಗವೇ ಅಂಕಿತ. ಆ ಅಂಕಿತದ ಮುಂದೆ ಮಾರಯ್ಯಪ್ರಿಯ ಎಂಬ ಮಾತನ್ನು ಕೂಡಿಸಿ ಲಕ್ಕಮ್ಮನು ತನ್ನ ಅಂಕಿತವನ್ನು ಮಾಡಿಕೊಂಡಳು. ಸತಿಪತಿಗಳ ಮನವು ಒಂದಾಗಿದ್ದಿತೆಂಬುದಕ್ಕೆ ಈ ಅಂಕಿತಗಳೇ ಸಾಕ್ಷಿ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕೀರ್ತಿಯು ನಾಡಿನ ನಾಲ್ಕು ದಿಕ್ಕಿಗೂ ಹಬ್ಬಿದ್ದ ಕಾಲವದು. ಆ ಕೀರ್ತಿಯನ್ನು ಕೇಳಿ ಲಕ್ಕಮ್ಮ ಮಾರಯ್ಯರು ತಮ್ಮೂರನ್ನು ಬಿಟ್ಟು ಕಲ್ಯಾಣಕ್ಕೆ ಬಂದು ನೆಲಸಿದರು.

ಬಸವಣ್ಣನವರ ಮಹಾಮನೆಯಲ್ಲಿ ಹಗಲಿರುಳೂ ದಾಸೋಹವು ನಡೆಯುತ್ತಿತ್ತು. ಬಂದವರಿಗೆಲ್ಲ ಅನ್ನವು ಸಿದ್ಧವಾಗಿರುತ್ತಿತ್ತು. ಆದರೂ ಈ ದಂಪತಿಗಳು ಅಲ್ಲಿಗೆ ಹೋಗಿ ಕೈಯೊಡ್ಡಲಿಲ್ಲ. ಅಷ್ಟು ದೊಡ್ಡ ದಾಸೋಹಕ್ಕೆ ಅಕ್ಕಿಯನ್ನು ತಂದಿಳಿಸುವಾಗ, ಅಳೆಯುವಾಗ, ಒಳಗೆ ಸಾಗಿಸುವಾಗ ಅಂಗಳದಲ್ಲಿ ಕಾಳುಗಳು ಚೆಲ್ಲುವುದು ಸಹಜ. ತುಳಿತಕ್ಕೆ ಸಿಕ್ಕಿ ಮಣ್ಣುಪಾಲಾಗುವ ಆ ಕಾಳುಗಳನ್ನು ಆಯ್ದು ತರುವುದೇ ಮಾರಯ್ಯನ ಕಾಯಕವಾಯಿತು. ಅದನ್ನು ಹಸನುಮಾಡಿ, ಅಟ್ಟು, ಲಿಂಗಕ್ಕೆ ಅರ್ಪಿಸಿ, ಜಂಗಮಕ್ಕೆ ನೀಡಿ, ಉಳಿದ ಪ್ರಸಾದವನ್ನು ತಾವು ಸ್ವೀಕರಿಸುವುದು ಲಕ್ಕಮ್ಮನ ಮನೆಯ ನಿತ್ಯವ್ರತವಾಯಿತು. ಆಯ್ದ ಅಕ್ಕಿಯಿಂದ ಬಾಳಿದುದರಿಂದ ಇವರಿಗೆ ಆಯ್ದಕ್ಕಿಯ ದಂಪತಿಗಳೆಂಬ ಹೆಸರು ನಿಂತಿತು. ಅರಸರು ಕೊಡುವ ಬಿರುದುಗಳು ಅರಸರೊಡನೆ ಅಳಿದವು. ನೆಲದಿಂದ ಆಯ್ದ ಕಾಳಿನ ಈ ಬಿರುದು ಎಂಟುನೂರು ವರ್ಷಗಳ ಮೇಲೂ ಅಳಿದಿಲ್ಲ.

ಆಯ್ದ ಅಕ್ಕಿಯಿಂದ ಅಡಿಗೆ ಮಾಡುವುದೆಂದರೇನೆಂಬುದನ್ನು ಅಡಿಗೆಮನೆಯ ಕೆಲಸ ಬಲ್ಲವರೆಲ್ಲ ಊಹಿಸಬಲ್ಲರು. ಅದು ಕಣಜದಿಂದ ತೆಗೆದ ಹಸನಾದ ಅಕ್ಕಿಯಲ್ಲ. ಇಡಿಯ ಕಾಳಿಗಿಂತ ನುಚ್ಚು ಹೆಚ್ಚು. ನುಚ್ಚಿನೊಡನೆ ಮಣ್ಣು, ಹರಳು, ಹೊಟ್ಟು. ಮೊದಲು ಮೊರದಲ್ಲಿ ಕೇರಿ ಹೊಟ್ಟನ್ನು ಹಾರಿಸಬೇಕು. ಬಳಿಕ ಬೆಳಕಿಗೆ ಕುಳಿತು ಹರಳನ್ನು ಒಂದೊಂದಾಗಿ ಆರಿಸಬೇಕು. ಆಮೇಲೆ ನೀರಿನಲ್ಲಿ ಹಾಕಿ, ಪಾತ್ರೆಯನ್ನು ಅಲುಗಿಸಿ ಗಾಳಿಸುತ್ತ, ಹರಳು ತಳಕ್ಕಿಳಿದಂತೆ ಮೇಲಿನ ಅಕ್ಕಿಯನ್ನು ಬೇರೆ ಪಾತ್ರೆಗೆ ಇಳಿಸಿಕೊಳ್ಳಬೇಕು. ಒಂದು ಹರಳು ಉಳಿದರೂ ಪಂಕ್ತಿಯಲ್ಲಿ ಕುಳಿತ ಅತಿಥಿಯ ಹಲ್ಲಿಗೆ ಅದು ಸಿಕ್ಕೀತು. ಇಡಿಯ ಕಾಳು ಅನ್ನಕ್ಕೊದಗುತ್ತದೆ; ನುಚ್ಚು ಅಂಬಲಿಗೆ, ಗಂಜಿಗೆ ಒದಗುತ್ತದೆ. ಹೆಚ್ಚು ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೆಂದ ನುಚ್ಚು ಅರಳಿ, ಹಿಡಿಯಷ್ಟಿದ್ದುದು ಗಡಿಗೆ ತುಂಬುತ್ತದೆ. ಬಡವರ ಮನೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಬಲ್ಲ ವಿದ್ಯೆಯಿದು. ಹಣವಿದ್ದವರು ಹಣದಿಂದ ಮಾಡುವುದನ್ನು ಹಣವಿಲ್ಲದವರು ತಾಳ್ಮೆಯಿಂದ ಮಾಡುತ್ತಾರೆ. ಲಕ್ಕಮ್ಮನ ಸಿರಿಯು ಈ ತಾಳ್ಮೆಯೇ ಆಗಿದ್ದಿತು.

ಆ ಮನೆಯ ಆಯವ್ಯಯವೂ ಅಷ್ಟೇ ಸರಳವಾದುದು. ಅಂದಿನ ದುಡಿಮೆ ಅಂದಿನ ದಾಸೋಹಕ್ಕೆ. ನಾಳಿನ ಅಕ್ಕಿಯು ನಾಳಿನ ಕಾಯಕದಿಂದ ಬರತಕ್ಕದ್ದು. ಇಂದೇ ಅದನ್ನು ತಂದು ಕೂಡಿಡುವ ಮಾತೇ ಇಲ್ಲ. ಮೊದಲ ಪಾಲು ಜಂಗಮಕ್ಕೆ, ಉಳಿದುದು ಮನೆಯವರಿಗೆ. ಸಾಮಾನ್ಯ ಸಂಸಾರದಲ್ಲಿ ಮನೆಯ ವೆಚ್ಚವೆಲ್ಲ ಕಳೆದು ಮಿಕ್ಕಿದುದು ಧರ್ಮಕ್ಕೆ ಹೋಗುತ್ತದೆ. ಅನೇಕ ವೇಳೆ ಏನೂ ಮಿಗುವುದಿಲ್ಲ. ಲಕ್ಕಮ್ಮನ ಮನೆಯಲ್ಲಿ ಲೆಕ್ಕವು ಧರ್ಮದಿಂದಲೇ ಪ್ರಾರಂಭವಾಗುತ್ತಿತ್ತು. ಆದುದರಿಂದ ಅಲ್ಲಿ ಕಾಳು ಕಡಿಮೆಯಾದ ದಿನವೂ ದಾಸೋಹಕ್ಕೆ ಲೋಪವಿರಲಿಲ್ಲ.

ಇಂತಹ ಲೆಕ್ಕವು ನಿಲ್ಲಬೇಕಾದರೆ ಕಾಯಕವು ಒಂದು ದಿನವೂ ತಪ್ಪಬಾರದು. ಒಮ್ಮೆ ಮಾರಯ್ಯನು ಅಲ್ಲಮಪ್ರಭುದೇವರ ಅನುಭಾವಗೋಷ್ಠಿಯಲ್ಲಿ ಕುಳಿತು, ಕಾಯಕ ದೊಡ್ಡದೋ ಅರಿವು ದೊಡ್ಡದೋ ಎಂಬ ವಿಚಾರದಲ್ಲಿ ಮೈಮರೆತನು. ಹೊತ್ತು ಏರಿತು, ಒಲೆಯು ತಣ್ಣಗಿತ್ತು. ಪತಿಯು ಕುಳಿತಿದ್ದುದು ಹರಟೆಯ ಕಟ್ಟೆಯಲ್ಲಲ್ಲ, ಮಹಾಜ್ಞಾನಿಗಳ ಸನ್ನಿಧಿಯಲ್ಲಿ. ಬೇರೊಬ್ಬಳಾಗಿದ್ದರೆ ಸುಮ್ಮನಿರುತ್ತಿದ್ದಳೇನೋ. ಲಕ್ಕಮ್ಮನು ಮಾತ್ರ ಅಲ್ಲಿಗೇ ಹೋಗಿ, ಕಾಯಕವು ನಿಂತುಹೋಗಿರುವುದನ್ನು ಗಂಡನಿಗೆ ವಿನಯದಿಂದ, ಆದರೆ ಸ್ಪಷ್ಟವಾಗಿ ಅರಿಕೆಮಾಡಿ, ಆತನನ್ನು ಎಬ್ಬಿಸಿ ಕಳುಹಿದಳು. ಕಾಯಕದಲ್ಲಿ ತೊಡಗಿರುವಾಗ ಗುರು, ಲಿಂಗ, ಜಂಗಮಗಳ ಹಂಗನ್ನೂ ಮರೆಯಬೇಕೆಂಬ ನಿಲುವನ್ನು ಸಾರಿದ ವಚನವು ಮಾರಯ್ಯನ ಹೆಸರಿನಲ್ಲಿದೆ. ಆ ನಿಲುವನ್ನು ನಿತ್ಯಜೀವನದಲ್ಲಿ ಕಾಯ್ದವಳು ಲಕ್ಕಮ್ಮ.

ಹೊತ್ತು ಮೀರಿತೆಂಬ ಆತುರದಲ್ಲಿ ಮಾರಯ್ಯನು ಮಹಾಮನೆಯ ಅಂಗಳಕ್ಕೆ ಹೋಗಿ ಅಕ್ಕಿಯನ್ನು ಬಳಿದು ತುಂಬಿಕೊಂಡನು. ಅಂದು ಅಲ್ಲಿ ಕಾಳುಗಳು ಎಂದಿಗಿಂತ ಹೆಚ್ಚಾಗಿ ಬಿದ್ದಿದ್ದವು. ಈ ದಂಪತಿಗಳ ಬಡತನಕ್ಕೆ ಮರುಗಿ, ಅವರಿಗೆ ತಿಳಿಯದಂತೆ ನೆರವಾಗಬೇಕೆಂದು ಬಸವಣ್ಣನವರೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಪರಂಪರೆಯ ಒಂದು ಕಥನವು ಹೇಳುತ್ತದೆ. ತಡವಾದುದಕ್ಕೆ ಪ್ರತಿಯಾಗಿ ಮನೆಗೆ ತುಸು ಹೆಚ್ಚು ತಂದೆನೆಂಬ ಸಮಾಧಾನವು ಮಾರಯ್ಯನಿಗೆ ಇದ್ದಿರಬೇಕು.

ಲಕ್ಕಮ್ಮನು ಗಂಟನ್ನು ಬಿಚ್ಚಿದೊಡನೆ ಕಣ್ಣಳತೆಯಿಂದಲೇ ವ್ಯತ್ಯಾಸವನ್ನು ಕಂಡುಕೊಂಡಳು. ದಿನವೂ ಅದೇ ಅಳತೆಯನ್ನು ಕೈಯಲ್ಲಿ ಹಿಡಿದವಳಿಗೆ ಹಿಡಿ ಅಕ್ಕಿಯ ಏರುಪೇರೂ ಮರೆಯಾಗದು. ಆಕೆಯು ಹಿಗ್ಗಲಿಲ್ಲ, ಕಳವಳಗೊಂಡಳು. ಇದು ಪತಿಯ ಮನಸ್ಸಿನಲ್ಲಿ ಮೂಡಿದ ಆಸೆಯೋ ಅಥವಾ ಬಸವಣ್ಣನವರು ತಮ್ಮ ಭಕ್ತಿಯನ್ನು ಸಂಶಯಿಸಿ ಒಡ್ಡಿದ ಪರೀಕ್ಷೆಯೋ ಎಂದು ಕೇಳಿದಳು. ಆಸೆಯು ಅರಸರ ಸೊತ್ತು, ಅದಕ್ಕೆ ಶರಣರ ಮನೆಯಲ್ಲಿ ಎಡೆಯಿಲ್ಲವೆಂಬುದನ್ನು ನೆನಪಿಸಿದಳು. ಹೆಚ್ಚಾದ ಅಕ್ಕಿಯನ್ನು ಎಲ್ಲಿಂದ ತಂದಿದ್ದನೋ ಅಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಕೇಳಿಕೊಂಡಳು.

ಬೆಳಗಿನಿಂದ ಉಣ್ಣದ ಗಂಡ, ಹೊತ್ತದ ಒಲೆ, ಬರಲಿರುವ ಜಂಗಮರು, ಕೈಯಲ್ಲೇ ಇರುವ ಅಕ್ಕಿ: ಇಷ್ಟೆಲ್ಲ ಇದ್ದೂ ಅದನ್ನು ಹಿಂದಿರುಗಿಸುವುದು ಸುಲಭವಾದ ಮಾತಲ್ಲ. ನಾಳೆಗಾದೀತೆಂದು ಒಂದು ಕುಡಿಕೆಯಲ್ಲಿ ಹಾಕಿಟ್ಟಿದ್ದರೆ ಕಲ್ಯಾಣದಲ್ಲಿ ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಆದರೆ ಆ ಒಂದು ಕುಡಿಕೆಯ ಅಕ್ಕಿಯು ಅವರ ಬಾಳಿನ ಕಟ್ಟನ್ನೇ ಸಡಿಲಿಸುತ್ತಿತ್ತು. ತಾನಾಗಿ ಚೆಲ್ಲಿದ ಕಾಳನ್ನು ಬಾಗಿ ಆಯುವುದು ಕಾಯಕ. ಮರುಕದಿಂದ ಚೆಲ್ಲಿದುದನ್ನು ಬಾಚಿ ತರುವುದು ಭಿಕ್ಷೆ. ಕಾಯಕದ ಅನ್ನವನ್ನು ಉಣ್ಣುತ್ತಿದ್ದ ಮನೆಯು ಅಂದಿನಿಂದ ಕನಿಕರದ ಅನ್ನವನ್ನು ಉಣ್ಣುವ ಮನೆಯಾಗುತ್ತಿತ್ತು. ಕುಡಿಕೆಯಲ್ಲಿ ಅಕ್ಕಿ ಇದೆಯೆಂಬ ಧೈರ್ಯದಿಂದ ನಾಳಿನ ಕಾಯಕಕ್ಕೆ ಸೋಮಾರಿತನವು ತಗಲುತ್ತಿತ್ತು. ಮಹಾಮನೆಯ ದಾಸೋಹಕ್ಕೆ ಸಲ್ಲಬೇಕಾದ ದವಸವು ಒಂದು ಮನೆಯ ಸಂಗ್ರಹವಾಗುತ್ತಿತ್ತು. ಬಡತನವೆಂಬುದು ಮನಸ್ಸಿಗೆ ಹತ್ತಿದಾಗ ಮಾತ್ರ ಬಡತನ, ಶುದ್ಧಚಿತ್ತದಿಂದ ದುಡಿಯುವವನಿಗೆ ಸಿರಿಯು ತಾನಾಗಿ ಒಲಿದು ಬರುವುದೆಂಬುದು ಲಕ್ಕಮ್ಮನ ಬೋಧೆಯ ತಿರುಳು.

ಮಾರಯ್ಯನ ಹಿರಿಮೆಯೂ ಇಲ್ಲಿ ಕಡಿಮೆಯದಲ್ಲ. ಹೆಂಡತಿಯ ಮಾತಿಗೆ ಆತನು ಮುನಿಯಲಿಲ್ಲ. ಅದರಲ್ಲಿ ಗುರುವಾಣಿಯನ್ನು ಕೇಳಿದನು. ತಂದ ಹೊರೆಯನ್ನು ಮತ್ತೆ ಹೊತ್ತು, ಎಲ್ಲರೂ ನೋಡುತ್ತಿರುವಂತೆ ಅಂಗಳಕ್ಕೆ ಹೋಗಿ, ಹೆಚ್ಚಿನ ಅಕ್ಕಿಯನ್ನು ಸುರಿದು ಬಂದನು. ಗಂಡನು ಗಳಿಸಿ ತಂದುದನ್ನು ಪ್ರಶ್ನಿಸುವ ಅಧಿಕಾರವು ಹೆಣ್ಣಿಗೆ ಉಂಟೆಂಬುದನ್ನು ಒಪ್ಪಿದ ಧರ್ಮವು ಶರಣರ ಧರ್ಮ. ಬಂದ ಸಂಪತ್ತು ಎಷ್ಟೆಂಬುದನ್ನು ಕೇಳುವ ಗೃಹಿಣಿಯರು ಲೋಕದಲ್ಲಿ ಅನೇಕರು. ಅದು ಬಂದ ದಾರಿ ಯಾವುದೆಂದು ಕೇಳಿದವಳು ಲಕ್ಕಮ್ಮ.

ಇಂತಹ ನಿಷ್ಠೆಯು ಅಂದಿನ ಕಲ್ಯಾಣದಲ್ಲಿ ಒಂದೇ ಮನೆಯದಾಗಿರಲಿಲ್ಲ. ಕಟ್ಟಿಗೆ ಮಾರಿ ಬಾಳುತ್ತಿದ್ದ ಮೋಳಿಗೆ ಮಾರಯ್ಯನ ಮನೆಗೆ ಬಸವಣ್ಣನವರು ವೇಷಮರೆಸಿ ಬಂದು, ಅಂಬಲಿಯನ್ನು ಸವಿದು ಹೊನ್ನನ್ನು ಇಟ್ಟುಹೋದಾಗ, ಆ ಹೊನ್ನು ಮನೆಯಲ್ಲಿ ಉಳಿಯದೆ ಜಂಗಮರಿಗೆ ಸಂದಿತೆಂಬ ಕಥೆಯಿದೆ. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಮುಟ್ಟೆನೆಂದು ಸತ್ಯಕ್ಕನು ಪಣತೊಟ್ಟಿದ್ದಳು. ಆದರೆ ಹೊನ್ನನ್ನು ತೊರೆಯುವುದಕ್ಕಿಂತ ಹಿಡಿಯಕ್ಕಿಯನ್ನು ತೊರೆಯುವುದು ಒಮ್ಮೊಮ್ಮೆ ಕಠಿನ. ಹೊನ್ನು ಕಣ್ಣಿಗೆ ಹೊಳೆದು ಎಚ್ಚರಿಸುತ್ತದೆ. ಅಕ್ಕಿಯು ಅಗತ್ಯದ ವೇಷದಲ್ಲಿ ಒಳಗೆ ಬರುತ್ತದೆ.

ಹೀಗೆ ಹೆಚ್ಚಾದ ಅಕ್ಕಿಯನ್ನು ಹಿಂದಕ್ಕೆ ಕಳುಹಿದ ಲಕ್ಕಮ್ಮನೇ ಬಳಿಕ ಬಸವಾದಿ ಪ್ರಮಥರನ್ನೂ 1,96,000 ಜಂಗಮರನ್ನೂ ತನ್ನ ಮನೆಯ ದಾಸೋಹಕ್ಕೆ ಆಮಂತ್ರಿಸಿದಳು. ಪತಿಯು ಎಂದಿನಂತೆ ಆಯ್ದು ತಂದ ಅಕ್ಕಿಯಿಂದಲೇ ಆಕೆಯು ಅಡಿಗೆ ಮಾಡಿದಳೆಂದೂ, ಬಂದ ಗಣಸಮೂಹವೆಲ್ಲ ಉಂಡು ತಣಿಯಿತೆಂದೂ, ಬಸವಣ್ಣನವರು ಈ ದಂಪತಿಗಳ ಭಕ್ತಿಗೆ ಬೆರಗಾದರೆಂದೂ ಶರಣಪರಂಪರೆಯು ಹೇಳುತ್ತ ಬಂದಿದೆ. ಭಕ್ತನು ಇದನ್ನು ಪವಾಡವೆಂದು ನಂಬುತ್ತಾನೆ. ಪವಾಡವೆನ್ನಲು ಹಿಂಜರಿಯುವವನಿಗೂ ಇದರ ಅರ್ಥವು ನಿಲುಕದಷ್ಟು ದೂರವಿಲ್ಲ. ಕೂಡಿಡುವ ಮನೆಯಲ್ಲಿ ಎಷ್ಟಿದ್ದರೂ ಸಾಲದು. ಹಂಚುವ ಮನೆಯಲ್ಲಿ ಇದ್ದಷ್ಟೇ ಸಾಲುತ್ತದೆ. ಒಂದು ಹಿಡಿಯನ್ನು ಬೇಡವೆಂದ ಕೈಯೂ, ಲಕ್ಷ ಜನಕ್ಕೆ ಬಡಿಸಿದ ಕೈಯೂ ಒಂದೇ ಎಂಬುದರಲ್ಲಿ ಈ ಕಥೆಯ ಮರ್ಮವಿದೆ. ಲಕ್ಕಮ್ಮನ ಮಿತವ್ಯಯವು ಜಿಪುಣತನದಿಂದ ಬಂದುದಾಗಿದ್ದರೆ ಆ ಅಕ್ಕಿಯು ಹಿಂದಕ್ಕೆ ಹೋಗುತ್ತಿರಲಿಲ್ಲ. ಆಕೆಯ ಔದಾರ್ಯವು ಆಡಂಬರದಿಂದ ಬಂದುದಾಗಿದ್ದರೆ ಸಾಲ ತಂದಾದರೂ ಪಂಚಭಕ್ಷ್ಯವನ್ನು ಬಡಿಸುತ್ತಿದ್ದಳು. ಎರಡೂ ಆಗಲಿಲ್ಲ. ತನ್ನ ಕಾಯಕಕ್ಕೆ ದಕ್ಕಿದುದನ್ನು ತಾನಿದ್ದಂತೆಯೇ ನೀಡಿದಳು.

ಈ ದಾಸೋಹದ ಬಳಿಕ ಮಾರಯ್ಯನ ಮನಸ್ಸು ಮುಕ್ತಿಯ ಕಡೆಗೆ ಹರಿಯಿತು. ಐಕ್ಯದ ನೆಲೆಯನ್ನು ತಿಳಿಯಬೇಕೆಂಬ ಹಂಬಲವು ಮೂಡಿತು. ಆಗಲೂ ಲಕ್ಕಮ್ಮನೇ ದಾರಿತೋರಿದಳು. ಮಾಡುವ ಸೇವೆಯನ್ನು ಬಿಟ್ಟು ಕೈಲಾಸಕ್ಕೆ ಹಾತೊರೆಯುವುದೂ ಒಂದು ಆಸೆಯೇ ಆದುದರಿಂದ ಅದು ಸಲ್ಲದೆಂದೂ, ಲಿಂಗವು ನೆಲಸಿದ ಎಡೆಯಲ್ಲಿಯೇ ಕೈಲಾಸವನ್ನು ಕಾಣಬೇಕೆಂದೂ ಬೋಧಿಸಿದಳು. ಹೆಚ್ಚಿನ ಅಕ್ಕಿಯನ್ನು ಒಲ್ಲೆನೆಂದವಳು ಹೆಚ್ಚಿನ ಪುಣ್ಯಫಲವನ್ನೂ ಒಲ್ಲೆನೆಂದಳು. ಹೀಗೆ ಅರಿತು ಬಾಳಿದ ಸತಿಪತಿಗಳಿಬ್ಬರೂ ಲಿಂಗದಲ್ಲಿ ಒಂದಾದರು.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಹಿರಿದಾದ ಸ್ಥಾನವು ಸಂದಿದೆ. 20ನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರೇ ಮೊದಲಾದವರ ಶ್ರಮದಿಂದ ತಾಡೋಲೆಗಳಲ್ಲಿದ್ದ ವಚನಗಳು ಅಚ್ಚಾಗಿ ಮನೆಮನೆಗೆ ಬಂದವು. ಲಕ್ಕಮ್ಮನ ವಚನಗಳೆಂದು ದೊರೆತಿರುವವು 25 ಮಾತ್ರ. ವಚನಗಳಲ್ಲಿಯೂ ಆಕೆಯದು ಅದೇ ಮಿತವಾದ ಅಳತೆ. ಆದರೆ ಒಂದೊಂದೂ ಇಡಿಯ ಕಾಳು.

ಲಕ್ಕಮ್ಮನಂತೆ ನಾಳೆಗೇನನ್ನೂ ಇಡದೆ ಬಾಳುವುದು ಎಲ್ಲ ಗೃಹಸ್ಥರಿಗೂ ಸಾಧ್ಯವಾಗಲಾರದು. ಮಕ್ಕಳ ವಿದ್ಯೆಗೆ, ಮುಪ್ಪಿಗೆ, ರೋಗರುಜಿನಗಳಿಗೆ ತುಸು ಉಳಿಸಬೇಕಾದುದು ಸಂಸಾರಿಯ ಕರ್ತವ್ಯ. ಆದರೆ ಆಕೆಯ ಲೆಕ್ಕದ ಕ್ರಮವನ್ನು ಯಾವ ಮನೆಯಲ್ಲಾದರೂ ಅನುಸರಿಸಬಹುದು. ಅಕ್ಕಿಯನ್ನು ಅಳೆಯುವಾಗ ಮೊದಲ ಹಿಡಿಯನ್ನು ದಾಸೋಹಕ್ಕೆಂದು ಬೇರೆ ತೆಗೆದಿಡಬಹುದು. ಉಣ್ಣುವವರನ್ನು ಎಣಿಸಿ ಗಡಿಗೆಗೆ ಹಾಕಿದರೆ ಅನ್ನವು ಚೆಲ್ಲಿಹೋಗದು. ಬಸಿದ ಗಂಜಿಯೂ ಉಳಿದ ಅನ್ನವೂ ಪ್ರಸಾದವೆಂಬ ಭಾವವಿದ್ದರೆ ಅವು ತಿಪ್ಪೆಗೆ ಬೀಳವು. ನೆರೆಮನೆಯವರ ಮದುವೆಯ ವೈಭವವನ್ನು ಕಂಡು ಸಾಲಮಾಡುವ ಮೊದಲು, ಅದು ಅಗತ್ಯವೋ ಆಸೆಯೋ ಎಂದು ಒಮ್ಮೆ ಕೇಳಿಕೊಳ್ಳಬಹುದು. ಮನೆಗೆ ಎಂದಿಗಿಂತ ಹೆಚ್ಚಿನ ಹಣವು ಬಂದ ದಿನ, ಅದು ಬಂದ ಬಗೆಯನ್ನು ಸತಿಪತಿಗಳು ಕುಳಿತು ವಿಚಾರಿಸಬಹುದು. ನ್ಯಾಯವಾಗಿ ತಮ್ಮದಲ್ಲವೆಂದು ಕಂಡರೆ ಅದನ್ನು ಹಿಂದಿರುಗಿಸುವ ಧೈರ್ಯವು ಬೇಕು. ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಹೊತ್ತು ಮರಳಿ ನಡೆದ ದಾರಿಯು ಮನೆಯಿಂದ ಮಹಾಮನೆಯ ಅಂಗಳದವರೆಗಿನದು ಮಾತ್ರ; ಆದರೆ ಶರಣಧರ್ಮದ ಗೃಹಸ್ಥನಿಗೆ ಅದೇ ಹೆದ್ದಾರಿ.

ಆ ದಾರಿಯನ್ನು ತೋರಿದ ಮಹಾಮಾತೆ ಲಕ್ಕಮ್ಮನಿಗೆ ಶರಣು ಶರಣಾರ್ಥಿ.